ಮಗ್ಗದ ಕೊಟ್ಟಿಗೆಗೆ ದೀಪ ಎಳೆಸಿದ್ದು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಕೊಳ್ಳೇಗಾಲದ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಮದುವೆಯಾಗಿ ಯಳಂದೂರಿಗೆ ಬಂದ ಮೇಲೆ ಇಲ್ಲಿಯವರಿಗೂ ಗೊತ್ತಾಯಿತು. ಆದರೆ ಸಿಟ್ಟಿಗಿಂತ ಮುಂಚೆ ನನ್ನಲ್ಲಿ ಇನ್ನೊಂದು ಗುಣವಿದೆ, ಅದು ಯಾರಿಗೂ ಗೊತ್ತಿಲ್ಲ. ನಾನು ಬೇಗ ಬೆಚ್ಚುತ್ತೇನೆ. ಬೆಚ್ಚಿದ್ದನ್ನು ಮುಚ್ಚಿಕೊಳ್ಳಲಿಕ್ಕೇ ಬಾಯಿ ಜೋರು ಮಾಡುತ್ತೇನೆ. ನನ್ನ ಮದುವೆಯ ವರ್ಷ ನಮ್ಮ ಮಗ್ಗದ ಕೊಟ್ಟಿಗೆಗೆ ಕರೆಂಟು ಹಾಕಿಸಿದಾಗ ಬೆಚ್ಚಿದಷ್ಟು ನಾನು ಮತ್ತೆಂದೂ ಬೆಚ್ಚಿಲ್ಲ.

ನಮ್ಮದು ರೇಷ್ಮೆ ನೇಯುವ ಮನೆ. ಅಪ್ಪ, ಅವ್ವ, ಅಣ್ಣ, ನಾನು, ಇಷ್ಟೇ ಜನ. ಅಪ್ಪನದೊಂದು ಮಗ್ಗ, ಅಣ್ಣನದೊಂದು. ಎರಡೂ ಕುಣಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥವು. ಅವ್ವ ಮತ್ತು ನಾನು ರಾಟೆಯ ಮುಂದೆ ಕೂತು, ಎಳೆಗಳ ನಡುವೆ ಓಡುವ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದೆವು. ಮಗ್ಗ ಇದ್ದದ್ದು ನಡುಮನೆಯಲ್ಲಿ. ಅಲ್ಲಿಗೆ ಬೆಳಕು ಬರುತ್ತಿದ್ದದ್ದು ಮಾಡಿನ ಒಂದು ಬೆಳಕಿಂಡಿಯಿಂದ ಮಾತ್ರ. ಎಣ್ಣೆ ದೀಪವನ್ನು ರೇಷ್ಮೆಯ ಹತ್ತಿರ ಇಡುವ ಹಾಗಿಲ್ಲ. ಒಂದು ಚೂರು ಮಸಿ ಬಿದ್ದರೂ ಸೀರೆ ಕೆಟ್ಟಿತು. ಹೀಗಾಗಿ ಹೊತ್ತು ಇಳಿದರೆ ನಮ್ಮ ಮನೆಯಲ್ಲಿ ಮಗ್ಗದ ಸದ್ದು ನಿಲ್ಲುತ್ತಿತ್ತು.

ಆ ವರ್ಷ ನನಗೆ ಯಳಂದೂರಿನಲ್ಲಿ ಸಂಬಂಧ ಗೊತ್ತಾಯಿತು. ಆಗ ಕೊಳ್ಳೇಗಾಲದ ನಾವು ಮದರಾಸು ಪ್ರಾಂತ್ಯಕ್ಕೆ ಸೇರಿದವರು, ಯಳಂದೂರು ಮೈಸೂರು ಸಂಸ್ಥಾನದ್ದು. ಬಸ್ಸು ಹತ್ತಿ ಕೂತರೆ ಬಾಯಲ್ಲಿನ ಎಲೆಅಡಿಕೆ ಮುಗಿಯುವುದರೊಳಗೆ ಮಾಂಬಳ್ಳಿ ದಾಟಿ ಊರು ಸಿಗುತ್ತದೆ. ಆದರೂ ಅವ್ವ ಏಳು ಸಮುದ್ರದಾಚೆ ಮಗಳನ್ನು ಕೊಟ್ಟವಳ ಹಾಗೆ ಮೂಗು ಒರೆಸಿಕೊಳ್ಳುತ್ತ ಓಡಾಡುತ್ತಿದ್ದಳು. ಅಪ್ಪ ಮಾತ್ರ ಮಗ್ಗಕ್ಕೆ ಸೀರೆಯುದ್ದದ ಎಳೆಗಳ ಹಾಸು ಹೂಡಲು ಕೂತ. ನಮ್ಮಲ್ಲಿ ಮಗಳ ಧಾರೆ ಸೀರೆಯನ್ನು ಅಪ್ಪನೇ ನೇಯಬೇಕು. ಊರಿಗೆಲ್ಲ ಸೀರೆ ನೇಯ್ದು ಕೊಟ್ಟವನು ತನ್ನ ಮಗಳಿಗೆ ಇನ್ನೊಬ್ಬರ ಮಗ್ಗದ್ದು ಉಡಿಸಿದರೆ ಬೀಗರ ಮುಂದೆ ತಲೆ ಎತ್ತುವ ಹಾಗಿಲ್ಲ. ಮದುವಣಗಿತ್ತಿಯಾದವಳು ಆ ಸೀರೆ ಮಗ್ಗದಿಂದ ಇಳಿಯುವವರೆಗೆ ಅದನ್ನು ನೋಡಲೂ ಬಾರದು. ಹಾಗಾಗಿ ನಾನು ಕಂಡಿಕೆಯನ್ನು ಬಾಗಿಲಲ್ಲೇ ಅವ್ವನ ಕೈಗೆ ಕೊಟ್ಟು ಹಿಂದಕ್ಕೆ ಬರುತ್ತಿದ್ದೆ.

ಒಂದು ಸಂಜೆ ಅಪ್ಪನ ಕೈಯಿಂದ ಲಾಳಿ ಜಾರಿ ಕುಣಿಯೊಳಗೆ ಬಿತ್ತು. ಅಣ್ಣ ತನ್ನ ಮಗ್ಗದಲ್ಲಿ ಕೂತು ನೋಡುತ್ತಿದ್ದನಂತೆ. ಲಾಳಿ ಅಪ್ಪನ ಕಾಲ ಹತ್ತಿರವೇ ಇತ್ತು. ಅಪ್ಪ ಬಗ್ಗಿ ಆ ಕಡೆ ತಡವಿದ, ಈ ಕಡೆ ತಡವಿದ, ಆಮೇಲೆ ಕಾಲ ಬೆರಳಿಗೆ ತಾಕಿದಾಗ ಎತ್ತಿಕೊಂಡ. ಅಣ್ಣನಿಗೆ ಅನ್ನಿಸಿದ್ದು, ಇಷ್ಟು ಕತ್ತಲೆಯಲ್ಲಿ ಅಪ್ಪನಿಗೆ ಕಾಣುತ್ತಿಲ್ಲ, ವಯಸ್ಸಾದ ಕಣ್ಣು ಎಂದು. ಊಟಕ್ಕೆ ಕೂತಾಗ ಅವನು ಮೆಲ್ಲಗೆ ಮಾತು ತೆಗೆದ. ಇನ್ನು ಉಳಿದ ಸೀರೆಯನ್ನು ತಾನು ಮುಗಿಸುತ್ತೇನೆ, ಅಪ್ಪ ಪಕ್ಕದಲ್ಲಿ ಕೂತಿದ್ದರೆ ಸಾಕು, ಯಾರಿಗೆ ಗೊತ್ತಾಗುತ್ತದೆ ಎಂದ.

ಅಪ್ಪ ತುತ್ತನ್ನು ತಟ್ಟೆಗೆ ಹಾಕಿದ. ನಾನು ದಂಗಾಗಿ ನೋಡಿದೆ. ಅನ್ನ ಬಿಟ್ಟು ಏಳುವುದೆಂದರೆ ನಮ್ಮ ಮನೆಯಲ್ಲಿ ಸಾವಿನ ಸುದ್ದಿ ಬಂದಾಗ ಮಾತ್ರ.

"ನನ್ ಮಗಳ ಸೀರೆ ನಾನೇ ನೇಯೋದು. ಕತ್ಲಾಯ್ತದೆ ಅಂದ್ರೆ ದೀಪ ಎಳ್ಸು, ಕೈ ಬದ್ಲಾಯ್ಸಬ್ಯಾಡ," ಎಂದು ಹೇಳಿ ಎದ್ದು ಹೋದ.

ಅಣ್ಣ ಆ ಮಾತನ್ನು ಹಿಡಿದುಕೊಂಡ. ನಮ್ಮ ಬೀದಿಗೆ ಕಂಬ ನೆಟ್ಟು ಲೈನು ಎಳೆದು ಆಗಿತ್ತು. ಶಿವನಸಮುದ್ರ ನಮಗೆ ಮಗ್ಗುಲಲ್ಲೇ ಇದ್ದರೂ, ಅಲ್ಲಿ ಹುಟ್ಟಿದ ಕರೆಂಟು ಎಲ್ಲೆಲ್ಲಿಯ ಊರುಗಳನ್ನೋ ಬೆಳಗಿ, ನಮ್ಮ ಬೀದಿಗೆ ದೀಪ ಬರುವಾಗ ಅಣ್ಣನಿಗೆ ಮೀಸೆ ಬಲಿತಿತ್ತು. ನಡುಮನೆಯ ಹಳೇ ಗೋಡೆಗೆ ಮೊಳೆ ಹೊಡೆದರೆ ಮಣ್ಣು ಉದುರಿ ರೇಷ್ಮೆಯ ಮೇಲೆ ಬೀಳುತ್ತದೆ. ಅದಕ್ಕೆ ಹಿತ್ತಲಿನಲ್ಲಿ ಬರಿದಾಗಿದ್ದ ದನದ ಕೊಟ್ಟಿಗೆಯನ್ನು ಕಿತ್ತು, ಅದೇ ಜಾಗದಲ್ಲಿ ಕಂಬದ ಮೇಲೆ ಹೊಸ ಮಾಡು ನಿಲ್ಲಿಸಿ, ಎರಡು ಮಗ್ಗವನ್ನೂ ಅಲ್ಲಿಗೆ ಒಯ್ಯುವುದೆಂದು ತೀರ್ಮಾನವಾಯಿತು. ಅಪ್ಪ ನೇಯುತ್ತಿದ್ದ ಸೀರೆಯನ್ನು ಹಾಸಿನ ಸಮೇತ ಸುತ್ತಿ, ಮಡಿ ಬಟ್ಟೆಯಲ್ಲಿ ಕಟ್ಟಿ, ಅಟ್ಟದ ಮೇಲಿಟ್ಟರು.

ಮರದ ಕಂಬಗಳು ಅಜ್ಜೀಪುರದಿಂದ ಗಾಡಿಯಲ್ಲಿ ಬಂದವು. ಮೇಲಕ್ಕೆ ಹೊನ್ನೂರಿನ ತೆಂಗಿನ ಗರಿ ಹೊದಿಸುವುದೆಂದು ಅವ್ವ ಲೆಕ್ಕ ಹಾಕಿದ್ದಳು. ಅಷ್ಟರಲ್ಲಿ ಕರೆಂಟಿನಾತ ಬಂದ. ಕೊಯಮತ್ತೂರಿನ ಕಡೆಯವನು, ತಮಿಳು ಬೆರೆಸಿ ಕನ್ನಡ ಆಡುತ್ತಿದ್ದ. ಗರಿಯ ಮಾಡಿನ ಕೆಳಗೆ ವೈರು ಎಳೆಯುವುದೂ ಒಂದೇ, ಬೆಂಕಿಪೊಟ್ಟಣ ಕೈಗೆ ಕೊಟ್ಟು ಹೋಗುವುದೂ ಒಂದೇ, ನಾನು ಒಳಕ್ಕೇ ಕಾಲಿಡುವುದಿಲ್ಲ ಎಂದುಬಿಟ್ಟ. ಅವ್ವ ಗೊಣಗಿಕೊಂಡು ಗರಿ ಬಿಟ್ಟಳು. ನಾಡಹೆಂಚು ಬಂತು. ಹೆಂಚಿನ ಸಂದಿಯಿಂದ ಕಸ ಬೀಳದ ಹಾಗೆ ಒಳಗಡೆ ಬಿದಿರಿನ ಚಾಪೆ ಬಿಗಿಸಿದರು. ಸೊಂಟದವರೆಗೆ ಮಣ್ಣಿನ ಗೋಡೆ, ಅದರ ಮೇಲೆ ಬಿದಿರ ತಡಿಕೆಗೆ ಮಣ್ಣು ಸೆಗಣಿ ಮೆತ್ತಿದ್ದು.

ಸುಣ್ಣದ ಮೇಲೆ ದೊಡ್ಡ ಜಗಳವೇ ಆಯಿತು. ಗೋಡೆ ಬೆಳ್ಳಗಿದ್ದರೆ ಒಂದು ದೀಪ ಎರಡರಷ್ಟು ಬೆಳಕು ಕೊಡುತ್ತದೆ ಎಂದು ಕರೆಂಟಿನಾತ ಹೇಳಿದ್ದ. ಸುಣ್ಣದ ಪುಡಿ ಉದುರಿ ಹಾಸಿನ ಮೇಲೆ ಕೂತರೆ ಎಳೆ ಕಚ್ಚಿ ಹರಿಯುತ್ತದೆ ಎಂದು ಅಪ್ಪ. ಸುಣ್ಣವಿಲ್ಲದಿದ್ದರೆ ಇದು ಕೊಟ್ಟಿಗೆಯ ಹಾಗೇ ಕಾಣುತ್ತದೆ, ಬೀಗರು ಬಂದು ನೋಡಿದರೆ ಏನಂದುಕೊಂಡಾರು ಎಂದು ನಾನು. ಕೊನೆಗೆ ಅವ್ವ, ರೇಷ್ಮೆಗೆ ಹಚ್ಚುವ ಅಕ್ಕಿ ಗಂಜಿಯನ್ನೇ ಸುಣ್ಣಕ್ಕೆ ಕಲಸಿ ಬಳಿದಳು. ಒಣಗಿದ ಮೇಲೆ ಅಪ್ಪ ಗೋಡೆಯ ಮೇಲೆ ಅಂಗೈ ಸವರಿ, ಕೈಗೆ ಪುಡಿ ಅಂಟಲಿಲ್ಲವೆಂದು ಒಪ್ಪಿಕೊಂಡ. ಅಷ್ಟು ಬೆಳ್ಳನೆಯ ಗೋಡೆಯನ್ನು ನಮ್ಮ ಬೀದಿ ಕಂಡಿರಲಿಲ್ಲ. ಬಂದವರೆಲ್ಲ ಬಾಗಿಲಲ್ಲಿ ನಿಂತು ಅಬ್ಬಾ ಎನ್ನುತ್ತಿದ್ದರು. ಅಪ್ಪ ಮಾತ್ರ ಬೆಳ್ಳಗಿದೆ ಎಂದು ಒಂದು ಮಾತೂ ಆಡಲಿಲ್ಲ. ಮೆಚ್ಚಿದ್ದನ್ನು ಬಾಯಿಬಿಟ್ಟು ಹೇಳುವ ಜಾತಿಯಲ್ಲ ಅವನದು ಎಂದು ನಾನು ಬಿಟ್ಟೆ.

ವೈರು ಎಲ್ಲೆಲ್ಲಿ ಹಾಯಬೇಕು ಎಂದು ಅಣ್ಣ ಕಂಬ ತೊಲೆಗಳ ಮೇಲೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಪ್ಪನನ್ನು ಕರೆದ. ಅಪ್ಪ ತಲೆ ಎತ್ತಿ ಒಂದು ಗಳಿಗೆ ನಿಂತ. ಆಮೇಲೆ, ಈ ಗೆರೆ ಗಿರೆ ತನಗೆ ತಿಳಿಯುವುದಿಲ್ಲ, ನೂಲು ಕಟ್ಟಿ ತೋರಿಸು ಎಂದ. ಮನೆಯಲ್ಲಿ ಹಾಸಿನಿಂದ ಉಳಿದ ತುಂಡು ನೂಲು ಬೇಕಾದಷ್ಟಿತ್ತು. ನಾನು, ಅಣ್ಣ ಸೇರಿ ಅದನ್ನೇ ಗಂಟು ಹಾಕಿ ಹಾಕಿ, ಬಾಗಿಲ ಕಂಬದಿಂದ ತೊಲೆಗೆ, ತೊಲೆಯಿಂದ ಮಗ್ಗದ ನೆತ್ತಿಗೆ, ಅಲ್ಲಿಂದ ಗೋಡೆಗೆ ಎಳೆದು ಕಟ್ಟಿದೆವು. ಅಪ್ಪನ ದೀಪದ ದಾರಿಗೆ ಕೆಂಪು, ಅಣ್ಣನದಕ್ಕೆ ಬಿಳಿ. ಮಾರನೇ ದಿನ ಕರೆಂಟಿನಾತ ಬಂದವನು ಬಾಗಿಲಲ್ಲೇ ಬಾಯಿ ಬಿಟ್ಟುಕೊಂಡು ನಿಂತ. ಕೊಟ್ಟಿಗೆಯ ಒಳಗೆ ದೊಡ್ಡದೊಂದು ಜೇಡ ಬಲೆ ನೇಯ್ದ ಹಾಗಿತ್ತು. ಕಾಗದದ ಮೇಲೆ ವೈರಿನ ದಾರಿ ಬರೆದು ತೋರಿಸಿದವರನ್ನು ಕಂಡಿದ್ದೇನೆ, ನೂಲಿನಲ್ಲಿ ಕಟ್ಟಿ ತೋರಿಸಿದವರು ನೀವೇ ಎಂದು ನಕ್ಕ. ವೈರಿನ ಉದ್ದವನ್ನೂ ಆ ನೂಲನ್ನು ಬಿಚ್ಚಿ ಸುತ್ತಿಯೇ ಗೊತ್ತುಮಾಡಿದೆವು.

ಅಪ್ಪ ಆ ನೂಲಿನ ಗುಂಟ ಬೆರಳು ಜಾರಿಸುತ್ತ ಕೊಟ್ಟಿಗೆಯೆಲ್ಲ ನಡೆದ. ಒಂದು ಕಡೆ ನಿಂತು, ಇಲ್ಲಿ ಬೇಡ, ಹಾಸು ಬಿಗಿಯುವ ಹಗ್ಗ ಇದಕ್ಕೆ ಉಜ್ಜುತ್ತದೆ ಎಂದ. ಹೌದಾಗಿತ್ತು. ಆಮೇಲೆ ಹೊಸ ಕುಣಿಯಲ್ಲಿ ಇಳಿದು ಕೂತು, ಕಣ್ಣು ಮುಚ್ಚಿ, ಬಲಗೈ ಚಾಚಿದ. ಕೈ ಹೋಗಿ ಕಂಬಕ್ಕೆ ತಾಕಿದ ಜಾಗದಲ್ಲೇ ಸ್ವಿಚ್ಚು ಬೇಕೆಂದ. ದೀಪಕ್ಕೂ ಹಾಗೆಯೇ, ಬಲಗೈಯ ನೆರಳು ನೇಯ್ಗೆಯ ಮೇಲೆ ಬೀಳಬಾರದು, ಎಡಕ್ಕೆ ಇಷ್ಟು ಮೇಲೆ ಇರಲಿ ಎಂದು ಗಾಳಿಯಲ್ಲಿ ಕೈ ಹಿಡಿದು ತೋರಿಸಿದ. ಕಣ್ಣು ಮುಚ್ಚಿಕೊಂಡು ದೀಪಕ್ಕೆ ಜಾಗ ನೋಡುತ್ತಾನಲ್ಲ ಎಂದು ನಾನು ಬಿದ್ದು ಬಿದ್ದು ನಕ್ಕೆ. ಅವನೂ ನಕ್ಕ. ಯಾವುದನ್ನೇ ಆಗಲಿ ಮುಟ್ಟಿ ನೋಡುವುದು ನೇಯುವವರ ಚಾಳಿ ಎಂದೇ ನಾವೆಲ್ಲ ತಿಳಿದಿದ್ದೆವು. ಬೀದಿಯಲ್ಲಿ ಅಣ್ಣನ ಹೆಗಲ ಮೇಲೆ ಕೈಯಿಟ್ಟು ನಡೆಯುವುದನ್ನೂ ಮಗನ ಮೇಲಿನ ಅಕ್ಕರೆ ಅಂದುಕೊಂಡಿದ್ದೆವು.

ಮರದ ಪಟ್ಟಿ ಹೊಡೆದು ಅದರ ಮೇಲೆ ವೈರು ಕೂರಿಸುತ್ತಿದ್ದಾಗ ಅವ್ವ ಕರೆಂಟಿನಾತನನ್ನು ಒಂದು ಪ್ರಶ್ನೆ ಕೇಳಿದಳು. ಇದರೊಳಗಿನ ಕರೆಂಟು ಹೊರಕ್ಕೆ ಬರದ ಹಾಗೆ ತಡೆಯುವುದು ಏನು ಎಂದು. ಅವನು ಒಂದು ತುಂಡು ವೈರನ್ನು ಸಿಗಿದು ತೋರಿಸಿದ. ಒಳಗೆ ತಾಮ್ರ, ಅದರ ಮೇಲೆ ರಬ್ಬರು, ಅದರ ಮೇಲೆ ನೂಲಿನ ಹೆಣಿಗೆ. ದೊಡ್ಡವರ ಬಂಗಲೆಗಳಲ್ಲಿ ಬಲ್ಬು ಇಳಿಬಿಡುವ ವೈರಿಗೆ ರೇಷ್ಮೆಯನ್ನೇ ಹೆಣೆದಿರುತ್ತಾರೆ, ಒಣಗಿದ ರೇಷ್ಮೆಯಲ್ಲಿ ಕರೆಂಟು ಹಾಯುವುದಿಲ್ಲ ಎಂದ. ಆ ದಿನ ನಮ್ಮ ಮನೆಯವರ ಗತ್ತು ನೋಡಬೇಕಿತ್ತು. ದೇವರಿಗೂ ರೇಷ್ಮೆ, ಧಾರೆಗೂ ರೇಷ್ಮೆ, ಈಗ ಕರೆಂಟಿಗೂ ರೇಷ್ಮೆಯೇ ಬೇಕಂತೆ ಎಂದು ಅವ್ವ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಎಲ್ಲ ಮುಗಿದು ಬೀದಿಯ ಲೈನಿನಿಂದ ವೈರು ತಂದು ಕೂಡಿಸಿದ ದಿನ ಮಧ್ಯಾಹ್ನ, ಬಾಗಿಲ ಕಂಬದ ಮೇಲೆ ಮೈನ್ ಸ್ವಿಚ್ಚಿನ ಪೆಟ್ಟಿಗೆ ಕೂರಿಸಿದರು. ಅದರ ಮುಚ್ಚಳದ ಒಂದು ತಿರುಪು ಕಳೆದಿದ್ದರಿಂದ ಮುಚ್ಚಳ ಹಾಕಿರಲಿಲ್ಲ. ಕರೆಂಟಿನಾತ ಸ್ವಿಚ್ಚಿನ ಹಿಡಿಯನ್ನು ಕೆಳಗೆ ಮಾಡಿ ಆರಿಸಿ, ಯಾರೂ ಹತ್ತಿರ ಹೋಗಬೇಡಿ ಎಂದು ಹೇಳಿ, ಅಣ್ಣನನ್ನು ಕರೆದುಕೊಂಡು ತಿರುಪು ತರಲು ಅಂಗಡಿಗೆ ಹೋದ.

ನಮ್ಮಲ್ಲಿ ಹೊಸ ಮಗ್ಗ ಹೂಡಿದರೆ ಅದರ ಕಂಬಕ್ಕೆ ಒಂದೆಳೆ ಜರಿಯ ಕಂಕಣ ಕಟ್ಟುತ್ತಾರೆ. ಜರಿ ಕಟ್ಟದೆ ಮೊದಲ ಲಾಳಿ ಎಸೆಯುವುದಿಲ್ಲ. ಅವ್ವ ಎರಡು ಮಗ್ಗಕ್ಕೂ ಕಟ್ಟಿ, ಅರಿಶಿನ ಕುಂಕುಮ ಇಟ್ಟಳು. ಆಮೇಲೆ ಆ ಪೆಟ್ಟಿಗೆಯ ಕಡೆ ನೋಡಿದಳು. ಇಷ್ಟಕ್ಕೆಲ್ಲ ಮೂಲ ಅದೇ ಅಲ್ಲವೇ, ಅದಕ್ಕೆ ಕಟ್ಟದಿದ್ದರೆ ಹೇಗೆ? ಹಿಡಿ ಕೆಳಗಿದೆ, ರೇಷ್ಮೆ ಏನೂ ಮಾಡುವುದಿಲ್ಲ ಎಂದು ಅವನೇ ಹೇಳಿದ್ದಾನೆ. ನನ್ನ ಧಾರೆ ಸೀರೆಗೆ ತಂದಿದ್ದ ಜರಿಯಿಂದಲೇ ಒಂದು ಉದ್ದ ಎಳೆ ತೆಗೆದು, ಮೂರು ಮಡಿಕೆ ಹೊಸೆದು, ಪೆಟ್ಟಿಗೆಯ ಕುತ್ತಿಗೆಗೆ ಸುತ್ತಿ ಗಂಟು ಹಾಕಿದಳು. ನಾನು ಪಕ್ಕದಲ್ಲೇ ಆರತಿ ತಟ್ಟೆ ಹಿಡಿದು ನಿಂತಿದ್ದೆ. ನನಗೂ ಏನೂ ಅನ್ನಿಸಲಿಲ್ಲ.

ಅಪ್ಪ ಬಂದು ಕೈಯಾಡಿಸಿ ಗಂಟನ್ನು ಹುಡುಕಿ ಹಿಡಿದ. "ಸಡ್ಲ ಅದಲ್ಲಾ," ಎಂದು ಎರಡು ಬೆರಳಲ್ಲಿ ಜರಿಯ ಕೊನೆ ಹಿಡಿದು ಬಿಗಿ ಮಾಡಲು ಎಳೆದ. ಸಡಿಲ ಗಂಟು ಕಂಡರೆ ಸುಮ್ಮನಿರುವ ಕೈಯಲ್ಲ ಅದು. ಎಳೆದ ಜರಿ ಜಾರಿ, ತೆರೆದಿದ್ದ ಪೆಟ್ಟಿಗೆಯೊಳಗಿನ ಹಿತ್ತಾಳೆ ತಿರುಪುಗಳಿಗೆ ಅಡ್ಡಲಾಗಿ ಬಿತ್ತು.

ಪಟ್ಟೆಂದು ಸದ್ದು. ನೀಲಿ ಬೆಂಕಿ. ಅಪ್ಪ ಹಿಂದಕ್ಕೆ ಹಾರಿ ಬಿದ್ದ. ನನ್ನ ಕೈಯ ತಟ್ಟೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಕೈಕಾಲು ನೆಲಕ್ಕೆ ಹೂತು ಹೋದವಳ ಹಾಗೆ ನಿಂತಿದ್ದೆ. ಅವ್ವನೇ ಓಡಿಹೋಗಿ ಅವನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಅವನು ಉಸಿರಾಡುತ್ತಿದ್ದ. ಬಲಗೈಯನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದ. ಬಿಡಿಸಿ ನೋಡಿದರೆ ಹೆಬ್ಬೆರಳು, ತೋರುಬೆರಳಿನ ತುದಿ ಕರಕಲಾಗಿ ಚರ್ಮ ಎದ್ದು ಬಂದಿತ್ತು. ಗಂಟು ಇದ್ದ ಜಾಗದಲ್ಲಿ ಒಂದು ಕರಿಯ ಗೆರೆ, ಅಷ್ಟೇ. ಜರಿ ಮಾಯವಾಗಿತ್ತು.

ಅಂಗಡಿಯಿಂದ ಬಂದ ಕರೆಂಟಿನಾತನ ಮುಖ ಬಿಳುಚಿಕೊಂಡಿತು. ಹಿಡಿ ಕೆಳಗೆ ಮಾಡಿದರೆ ಒಳಗಿನ ದೀಪಕ್ಕೆ ಕರೆಂಟು ನಿಲ್ಲುತ್ತದೆ, ಬೀದಿಯಿಂದ ಬಂದ ವೈರು ಕೂಡುವ ತಿರುಪುಗಳಲ್ಲಿ ಇದ್ದೇ ಇರುತ್ತದೆ ಎಂದು ಅವನು ವಿವರಿಸಿದ. ರೇಷ್ಮೆ ಏನೂ ಮಾಡಲ್ಲ ಅಂತ ನೀನೇ ಹೇಳಿದ್ದೆ ತಾನೆ ಎಂದು ಅವ್ವ ಅಳುತ್ತ ಕೇಳಿದಳು. ಅವನು ಕಂಡಿಕೆಯಲ್ಲಿ ಉಳಿದಿದ್ದ ಜರಿಯನ್ನು ಎತ್ತಿ ನೋಡಿದ.

"ನಾನು ರೇಷ್ಮೆ ಅಂದೆ ಅಮ್ಮಾ. ಇದು ಬೆಳ್ಳಿ."

ಜರಿ ತರುವಾಗ ಉಗುರಲ್ಲಿ ಕೆರೆದು ಬೆಳ್ಳಿ ಎಷ್ಟಿದೆ, ಗಿಲೀಟು ಎಷ್ಟಿದೆ ಎಂದು ಅಂಗಡಿಯವನ ಜೊತೆ ಜಗಳ ಕಾಯುವವರು ನಾವು. ಒಳಗಿನ ಒಂದೆಳೆ ರೇಷ್ಮೆಗೆ ಬೆಳ್ಳಿಯ ತಗಡು ಸುತ್ತಿದರೆ ಜರಿ ಎಂದು ಹಾಲು ಕುಡಿಯುವಾಗಿನಿಂದ ಕೇಳಿದವರು. ಆದರೆ ನಮ್ಮ ಕೈಗೆ, ಬಾಯಿಗೆ ಅದು ನೂಲು. ಅದೊಂದು ತಂತಿ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಾನು ಆಗ ಬಾಯಿಗೆ ಬಂದ ಹಾಗೆ ಅವ್ವನ ಮೇಲೆ ಹರಿಹಾಯ್ದೆ. ಅವಳು ಅಪ್ಪನ ಬೆರಳಿಗೆ ಬೆಣ್ಣೆ ಸವರುತ್ತ ಕೂತಿದ್ದಳು.

ಸಂಜೆ ದೀಪ ಹತ್ತಿತು. ಏನು ಬೆಳಕು ಅಂತೀರಿ! ಗಂಜಿ ಸುಣ್ಣದ ಗೋಡೆ ಹೊಳೆಯಿತು, ಬಿದಿರ ಚಾಪೆಯ ಕಣ್ಣು ಕಣ್ಣೂ ಕಂಡಿತು. ಬೀದಿಯವರೆಲ್ಲ ಬಂದರು. ಅಪ್ಪ ಕೈಗೆ ಬಟ್ಟೆ ಸುತ್ತಿಕೊಂಡು ಕುಣಿಯಲ್ಲಿ ಕೂತಿದ್ದ. ಎಲ್ಲರೂ ಮೇಲೆ ನೋಡುತ್ತಿದ್ದರು, ಅವನು ಎದುರಿಗೆ ನೋಡುತ್ತಿದ್ದ.

ಮದುವೆ ಹತ್ತಿರ ಬರುತ್ತಿತ್ತು. ಕೈ ಮಾಯುವವರೆಗೆ ನಿಲ್ಲಿಸು, ಇಲ್ಲವೇ ನನಗೆ ಬಿಡು ಎಂದು ಅಣ್ಣ ಮತ್ತೆ ಹೇಳಿ ನೋಡಿದ. ಅಷ್ಟು ಕಷ್ಟಪಟ್ಟು ದೀಪ ಎಳೆಸಿದ್ದು ಯಾಕೆ ಎಂದು ಅಪ್ಪ ಅವನನ್ನೇ ಕೇಳಿದ. ಬೆರಳ ತುದಿಗೆ ತೆಳ್ಳನೆಯ ಬಟ್ಟೆ ಕಟ್ಟಿಕೊಂಡು ಕೂತುಬಿಟ್ಟ. ದಿನವಿಡೀ ದೀಪ ಉರಿಯುತ್ತಿತ್ತು. ಲಾಳಿಯ ಸದ್ದು ಮೊದಲಿನ ಹಾಗಿರಲಿಲ್ಲ; ಒಂದಿಷ್ಟು ನಡೆದು ನಿಲ್ಲುವುದು, ಮತ್ತೆ ನಡೆದು ನಿಲ್ಲುವುದು. ಸುಟ್ಟ ಕೈ, ಪಾಪ, ನೋವಿರುತ್ತದೆ ಎಂದುಕೊಂಡು ನಾನು ಹೊರಗಡೆ ರಾಟೆ ತಿರುಗಿಸುತ್ತಿದ್ದೆ.

ಒಂದು ಮುಸ್ಸಂಜೆ ಅಣ್ಣ ಸಂತೆಗೆಂದು ಹನೂರಿಗೆ ಹೋಗಿದ್ದ, ಅವ್ವ ಒಲೆಯ ಮುಂದಿದ್ದಳು. ಕೊಟ್ಟಿಗೆಯೊಳಗಿಂದ ಅಪ್ಪ ನನ್ನನ್ನು ಕರೆದ. ನಾನು ಬಾಗಿಲಲ್ಲಿ ನಿಂತೆ, ಒಳಗೆ ಬಾ ಎಂದ. ಸೀರೆ ನೋಡಬಾರದಲ್ಲ ಎಂದೆ.

"ಆ ಶಾಸ್ತ್ರ ಬುಡು. ಬಂದು ಅಂಚು ಎಂಗದ ನೋಡೇಳು, ಮಗ."

ಹೋಗಿ ಬಗ್ಗಿ ನೋಡಿದೆ. ಮಾವಿನ ಚಿಗುರಿನ ಬಣ್ಣದ ಒಡಲು, ಎರಡು ಕಡೆ ಜರಿಯ ಅಂಚು. ಅವನ ಮುಂದಿನ ಒಂದು ಗೇಣಿನಷ್ಟು ನೇಯ್ಗೆಯಲ್ಲಿ ಜರಿ ಎಳೆಗಳು ಮೇಲೆದ್ದು ಸಿಕ್ಕು ಸಿಕ್ಕಾಗಿದ್ದವು. ಅಂಚು ಒಡಲಿಗೆ ಕೂಡಿರಲಿಲ್ಲ. ಕಲಿಯುವ ಮಕ್ಕಳು ನೇಯ್ದರೂ ಅಷ್ಟು ಕೆಡುವುದಿಲ್ಲ. ಸುರುಳಿಯನ್ನು ಬಿಚ್ಚಿ ಅದರ ಹಿಂದಿನದನ್ನು ನೋಡಿದೆ. ಹಳೇ ನಡುಮನೆಯ ಕತ್ತಲಲ್ಲಿ ನೇಯ್ದದ್ದು ಅದು. ಒಂದೇ ಒಂದು ಎಳೆ ತಪ್ಪಿರಲಿಲ್ಲ.

ನಾನು ಮಾಡುವುದನ್ನೇ ಮಾಡಿದೆ. ರೇಗಿದೆ. ಆ ಕರೆಂಟಿನಾತ ಮೋಸ ಮಾಡಿದ್ದಾನೆ, ದೀಪ ಸರಿಯಾದ ಕಡೆ ಹಾಕಿಲ್ಲ, ನಾಳೆಯೇ ಕರೆಸಿ ಇದಕ್ಕಿಂತ ದೊಡ್ಡ ಬಲ್ಬು ಹಾಕಿಸುತ್ತೇನೆ, ಎರಡು ಹಾಕಿಸುತ್ತೇನೆ ಎಂದು ಕೂಗಾಡಿದೆ. ಅಪ್ಪ ನಾನು ಮುಗಿಸುವವರೆಗೂ ಕಾದ. ಆಮೇಲೆ ಬಟ್ಟೆ ಸುತ್ತಿದ ಎರಡು ಬೆರಳನ್ನು ನನ್ನ ಕಡೆ ಹಿಡಿದ.

"ನಂಗೆ ಕಾಣ್ತಿದ್ದದ್ದು ಇದ್ರಲ್ಲಿ ಕಣಾ ಮಗ. ಇದು ಸುಟ್ಟೋಯ್ತು."

ನನಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಅನ್ನುವುದಕ್ಕಿಂತ, ಅರ್ಥ ಮಾಡಿಕೊಳ್ಳಲು ಭಯವಾಯಿತು. ತಲೆಯ ಮೇಲೆ ಉರಿಯುತ್ತಿದ್ದ ಬಲ್ಬನ್ನು ತೋರಿಸಿ, ಇದು ಕಾಣುವುದಿಲ್ಲವೇ ಎಂದು ಕೇಳಿದೆ. ಎಲ್ಲೋ ಒಂದು ಬೆಳ್ಳನೆಯ ಮುದ್ದೆ ಇದ್ದ ಹಾಗಿದೆ, ಅದರ ಸುತ್ತ ಏನೂ ಇಲ್ಲ ಎಂದ. ಯಾವಾಗಿನಿಂದ ಎಂದೆ. ಅಣ್ಣ ಮಗ್ಗಕ್ಕೆ ಕೂರುವ ಮುಂಚಿನಿಂದಲೇ ಶುರುವಾಗಿತ್ತು ಎಂದ. ಬಣ್ಣವನ್ನು ಅವ್ವ ಆರಿಸಿಕೊಡುತ್ತಿದ್ದಳು, ಅವಳಿಗೂ ಹೇಳಿರಲಿಲ್ಲವಂತೆ. ಎಳೆ ಹರಿದರೆ ಬೆರಳಿಗೆ ತಿಳಿಯುತ್ತಿತ್ತು, ಜರಿ ತಪ್ಪಿದರೆ ಬೆರಳಿಗೆ ತಿಳಿಯುತ್ತಿತ್ತು. ಹಾಗೇ ನಡೆಸಿಕೊಂಡು ಬಂದಿದ್ದ. ನಾವೆಲ್ಲ ಕಂಬ ತಂದು, ಹೆಂಚು ಹೊದಿಸಿ, ಸುಣ್ಣ ಬಳಿದು, ನೂಲು ಕಟ್ಟಿ ದೀಪದ ಜಾಗ ಗೊತ್ತುಮಾಡಿದ್ದು ಅವನ ಕಣ್ಣಿಗಾಗಿ. ಅವನಿಗೆ ಕಣ್ಣೇ ಇರಲಿಲ್ಲ.

ಮತ್ತೆ ಇದನ್ನೆಲ್ಲ ಯಾಕೆ ಮಾಡಿಸಿದೆ, ಮೊದಲೇ ಹೇಳಬಾರದಿತ್ತೇ ಎಂದು ಕೇಳಿದೆ.

"ಏಳಿದ್ರೆ ನಿನ್ನ ಸೀರೆ ನಿಮ್ಮಣ್ಣ ನೇಯ್ತಿದ್ದ. ಆಮೇಲೆ... ಅಂಥಾ ದೀಪ ಬಂದ್ರೆ ಕಂಡ್ರೂ ಕಾಣ್ಬೌದು ಅಂತ ನಂಗೂ ಆಸೆ ಇತ್ತು ಮಗ."

ನಾನು ಅವನ ಪಕ್ಕ ನೆಲದ ಮೇಲೆ ಕುಸಿದು ಕೂತೆ. ಸಿಟ್ಟು ಎಲ್ಲಿ ಹೋಯಿತೋ, ಅಳು ತಡೆಯಲಾಗಲಿಲ್ಲ. ಕೆಟ್ಟ ಗೇಣನ್ನು ಬಿಚ್ಚಿ ಮತ್ತೆ ನೇಯುತ್ತೇನೆ ಎಂದು ಅವನು ಹೊರಟ. ಬಿಚ್ಚಿದರೆ ಜರಿ ಮುರುಟಿಕೊಳ್ಳುತ್ತದೆ, ಹಾಸಿನ ಎಳೆಗಳೂ ನಿಲ್ಲುವುದಿಲ್ಲ. ಬೇಡ, ಅದು ಹಾಗೇ ಇರಲಿ, ನಾನು ಹಾಗೇ ಉಡುತ್ತೇನೆ ಎಂದೆ. ಅವನು ಬಹಳ ಹೊತ್ತು ಬಟ್ಟೆ ಸುತ್ತಿದ ಬೆರಳನ್ನು ಆ ಜಾಗದ ಮೇಲೆ ಆಡಿಸಿದ. ಆಮೇಲೆ ಬಟ್ಟೆ ಬಿಚ್ಚಿದ. ಹೊಸ ಚರ್ಮ ಕೆಂಪಗೆ ಬರುತ್ತಿತ್ತು. ನೋವಿಗೆ ಹಲ್ಲು ಕಚ್ಚಿ ಎಳೆಯೊಂದನ್ನು ಮುಟ್ಟಿ ನೋಡಿ, ತಲೆಯಾಡಿಸಿದ.

"ದೀಪ ಆರ್ಸವ್ವಾ," ಎಂದ. "ಅದು ಉರೀತಿದ್ರೆ ನೋಡ್ಬೇಕು ಅನ್ನುಸ್ತದೆ."

ಅವನು ಕಣ್ಣು ಮುಚ್ಚಿ ಜಾಗ ಗೊತ್ತುಮಾಡಿದ್ದ ಆ ಸ್ವಿಚ್ಚನ್ನು ನಾನೇ ಒತ್ತಿದೆ. ಕೊಟ್ಟಿಗೆ ಕತ್ತಲಾಯಿತು. ನನಗೆ ನನ್ನ ಕೈಯೇ ಕಾಣಿಸುತ್ತಿರಲಿಲ್ಲ. ಆಮೇಲೆ ಲಾಳಿ ಹೊರಟಿತು. ಮೊದಲು ಮೆಲ್ಲಗೆ, ಆಮೇಲೆ ನಾನು ಹುಟ್ಟಿದಾಗಿನಿಂದ ಕೇಳಿದ್ದ ಅದೇ ಸದ್ದಿನಲ್ಲಿ ನಡೆಯತೊಡಗಿತು.

ಸೀರೆ ಹೊತ್ತಿಗೆ ಸರಿಯಾಗಿ ಮಗ್ಗದಿಂದ ಇಳಿಯಿತು. ಅಣ್ಣನಿಗೂ ಅವ್ವನಿಗೂ ನಾನೇ ಹೇಳಿದೆ. ಅವ್ವ ಆ ದಿನ ದೇವರ ಮುಂದೆ ಕೂತವಳು ಎದ್ದು ಬರಲೇ ಇಲ್ಲ. ಮದುವೆ ಮುಗಿದ ಮೇಲೆ ಅಪ್ಪನನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ದರು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಒಳಗಿನ ನರ ಸತ್ತಿರುವುದು, ಯಾವ ಬೆಳಕು ಹಾಕಿದರೂ ಅಷ್ಟೇ ಎಂದರಂತೆ. ಅಪ್ಪನ ಬಲ್ಬಿನ ಕೆಳಗೆ ಆಮೇಲೆ ಅಣ್ಣ ಕೂತ. ಅಪ್ಪ ಗೋಡೆಯ ಪಕ್ಕದ ಅಣ್ಣನ ಮಗ್ಗಕ್ಕೆ ಹೋದ; ಅಲ್ಲಿಯ ದೀಪ ಅವನಿಗೆ ಬೇಕಿರಲಿಲ್ಲ.

ಧಾರೆ ಎರೆಯುವಾಗ ನನ್ನ ಕೈ ಹಿಡಿಯಲು ಬಂದ ಅಪ್ಪನ ಬೆರಳು ಸೀರೆಯ ಅಂಚಿಗೆ ತಾಕಿ, ಅಲ್ಲಿಂದ ಜಾರಿ, ಆ ಒಂದು ಗೇಣಿನ ಹತ್ತಿರ ಬಂದು ನಿಂತಿತು. ಪುರೋಹಿತರು ಹೊತ್ತಾಯಿತು ಎಂದರು. ಅವನು ಬೆರಳು ತೆಗೆಯಲಿಲ್ಲ. ನಾನೇ ತೆಗೆದು ಕೈ ಹಿಡಿದುಕೊಂಡೆ.

ಆ ಸೀರೆ ಇಂದೂ ನನ್ನ ಹತ್ತಿರ ಇದೆ. ಯಳಂದೂರಿನ ನಮ್ಮ ಬೀದಿಯ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಹೆಂಗಸರು ಬಂದು, ನಿಮ್ಮಪ್ಪ ನೇಯ್ದದ್ದು ತೋರಿಸಿ ಎನ್ನುತ್ತಾರೆ. ಬಿಡಿಸಿ ಹಾಸುತ್ತೇನೆ. ಅವರು ಅಂಚು ಮುಟ್ಟಿ ಮುಟ್ಟಿ ಹೊಗಳುತ್ತಾರೆ. ಆ ಒಂದು ಗೇಣು ಬಂದಾಗ ಮಾತ್ರ, ಪಾಪ, ಆಗಿನ ಕಾಲದಲ್ಲಿ ಕರೆಂಟೆಲ್ಲಿತ್ತು, ಕತ್ತಲಲ್ಲಿ ನೇಯ್ದದ್ದು ಎಂದು ಲೊಚಗುಟ್ಟುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಅಲ್ಲ, ಮಿಕ್ಕದ್ದೆಲ್ಲ ಕತ್ತಲಲ್ಲಿ ನೇಯ್ದದ್ದು, ಅದೊಂದು ಗೇಣು ಮಾತ್ರ ದೀಪದ ಕೆಳಗೆ ನೇಯ್ದದ್ದು ಎಂದು ಹೇಳುತ್ತೇನೆ. ಇಷ್ಟು ವರ್ಷದಲ್ಲಿ ಒಬ್ಬರೂ ನಂಬಿಲ್ಲ.